ಕರ್ನೆಲಿನ ಸ್ಮರಣಕೋಶವೂ ತಿದ್ದುಪಡಿಯ ಪರಿಶೋಧನೆಯೂ

ಇಂಡಿ, ಸಿಂದಗಿ, ಮುದ್ದೇಬಿಹಾಳಗಳನ್ನೂ ಬಸವಣ್ಣನವರ ಜನ್ಮಸ್ಥಳವೆಂದು ಪ್ರಸಿದ್ಧವಾದ ಬಸವನ ಬಾಗೇವಾಡಿಯನ್ನೂ ಒಳಗೊಂಡ ವಿಜಯಪುರ ಸೀಮೆಯು ವಚನವಾಙ್ಮಯದ ಸಂಶೋಧನೆಗೆ ತೌರೆನಿಸಿರುವುದು. ವಿಜಯಪುರದಲ್ಲಿ ವಕೀಲರಾಗಿದ್ದ ಫ. ಗು. ಹಳಕಟ್ಟಿಯವರು ಮನೆಮನೆ ತಿರುಗಿ ಓಲೆಯ ಕಟ್ಟುಗಳನ್ನು ಕೂಡಿಸಿ, ೧೯೨೩ರಲ್ಲಿ ‘ವಚನಶಾಸ್ತ್ರಸಾರ’ದ ಮೊದಲನೆಯ ಭಾಗವನ್ನು ಪ್ರಕಟಿಸಿದರು. ಗ್ರಂಥಸಂಪಾದನೆಯಲ್ಲಿ ಕೈಯಿಟ್ಟವರೆಲ್ಲರೂ ಬಲ್ಲ ನಿಯಮವೊಂದುಂಟು: ಪಾಠವನ್ನು ತಿದ್ದುವ ಮೊದಲು ಅದು ಹಾಗೇಕಿದೆಯೆಂದು ಅರಿಯಬೇಕು, ತಿದ್ದಿದ ಬಳಿಕ ಏಕೆ ತಿದ್ದಿದೆವೆಂದು ಬರೆದಿಡಬೇಕು. ಗಣಕಯಂತ್ರಗಳ ಲೋಕದಲ್ಲಿಯೂ ಈ ನಿಯಮವು ಎಷ್ಟು ಅವಶ್ಯವೆಂಬುದನ್ನು ಒಂದು ನಿದರ್ಶನದಿಂದ ತೋರಿಸುವುದು ಈ ಲೇಖನದ ಉದ್ದೇಶವು.

ಗಣಕದ ಸಕಲ ವ್ಯವಹಾರಗಳ ಮೇಲ್ವಿಚಾರಣೆ ನಡೆಸುವ ಮೂಲ ಪ್ರೋಗ್ರಾಮಿಗೆ ‘ಕರ್ನೆಲ್’ ಎಂದು ಹೆಸರು. ೧೯೯೧ರಲ್ಲಿ ಫಿನ್‌ಲೆಂಡಿನ ಲೀನಸ್ ಟೋರ್ವಾಲ್ಡ್ಸ್ ಎಂಬವರು ಆರಂಭಿಸಿದ ಲಿನಕ್ಸ್ ಅಂಥ ಒಂದು ಕರ್ನೆಲ್. ಆಂಡ್ರಾಯ್ಡ್ ಫೋನುಗಳ ಒಳಗೂ ಇದೇ ಇರುವುದು. ಪ್ರೋಗ್ರಾಮುಗಳಿಗೆ ಸ್ಮರಣಕೋಶವನ್ನು, ಎಂದರೆ ಮೆಮೊರಿಯನ್ನು, ಹಂಚುವುದು, ಮರಳಿ ಪಡೆಯುವುದು, ಒಂದರ ಪಾಲನ್ನು ಇನ್ನೊಂದು ಕೆಡಿಸದಂತೆ ಕಾಯುವುದು, ಇವು ಕರ್ನೆಲಿನ ಹೊಣೆಗಳು. ಈ ಕೋಶವನ್ನು ‘ಪುಟ’ಗಳಾಗಿ ವಿಭಾಗಿಸಿರುವರು, ಪುಟವೊಂದು ಸಾಮಾನ್ಯವಾಗಿ ೪೦೯೬ ಬೈಟುಗಳಷ್ಟು.

ಒಂದೇ ಪುಟವನ್ನು ಅನೇಕ ಪ್ರೋಗ್ರಾಮುಗಳು ಓದಬಹುದು. ಮಠದ ಓಲೆಯ ಕಟ್ಟನ್ನು ಹಲವರು ಓದಬಹುದಾದರೂ, ಅದರಲ್ಲಿ ಏನನ್ನಾದರೂ ಸೇರಿಸಬಯಸುವವನು ಮೊದಲು ತನ್ನದೊಂದು ಪ್ರತಿಯನ್ನು ಮಾಡಿಕೊಳ್ಳಬೇಕಷ್ಟೆ. ಕರ್ನೆಲಿನ ಕ್ರಮವೂ ಹಾಗೆಯೇ: ಬರೆಯುವ ಹೊತ್ತು ಬಂದಾಗ ಪ್ರತಿಮಾಡಿ, ಆ ಪ್ರತಿಯಲ್ಲಿಯೇ ಬರೆಯಗೊಡುವುದು, ಮೂಲವನ್ನು ಮುಟ್ಟಗೊಡದು.

ದೋಷವು ಪ್ರತಿಮಾಡುವ ಹೆಜ್ಜೆಗೂ ಬರೆಯುವ ಹೆಜ್ಜೆಗೂ ನಡುವಣ ಸಂದಿನಲ್ಲಿತ್ತು. ಪ್ರತಿಯಾಯಿತೆಂದು ತಿಳಿದ ಕರ್ನೆಲ್, ಇನ್ನು ಬರೆಯುವ ಅಪ್ಪಣೆಯನ್ನು ವಿಚಾರಿಸಬೇಕಾಗಿಲ್ಲವೆಂದು ಬಿಟ್ಟುಬಿಡುತ್ತಿತ್ತು. ಅದೇ ಕ್ಷಣದಲ್ಲಿ ಆ ಪ್ರೋಗ್ರಾಮಿನದೇ ಇನ್ನೊಂದು ಎಳೆಯು ಪ್ರತಿಯನ್ನು ಎಸೆದುಬಿಟ್ಟರೆ, ಕರ್ನೆಲಿನ ಕೈಗೆ ಮೂಲಪುಟವೇ ದೊರೆಯುತ್ತಿತ್ತು. ಬರೆಹವು ಅದರ ಮೇಲೆಯೇ ಬೀಳುತ್ತಿತ್ತು. ಹೀಗೆ ಓದಲು ಮಾತ್ರ ಅಧಿಕಾರವುಳ್ಳ ಸಾಮಾನ್ಯ ಬಳಕೆದಾರನು ರಕ್ಷಿತ ಕಡತಗಳನ್ನು ತಿದ್ದಿ, ಇಡೀ ಯಂತ್ರದ ಒಡೆತನವನ್ನೇ ಪಡೆಯಬಹುದಾಗಿತ್ತು. ‘ಡರ್ಟಿ ಕೌ’ ಎಂದು ಹೆಸರಾದ ಈ ದೋಷಕ್ಕೆ ೨೦೧೬ರ ಅಕ್ಟೋಬರಿನಲ್ಲಿ ಪರಿಹಾರವಾಯಿತು.

ಆ ತಿದ್ದುಪಡಿಯೊಡನೆ ಟೋರ್ವಾಲ್ಡ್ಸರು ಬರೆದ ಟಿಪ್ಪಣಿಯು ಗಮನಾರ್ಹವಾದುದು. ತಾವೇ ಹನ್ನೊಂದು ವರ್ಷಗಳ ಹಿಂದೆ, ೨೦೦೫ರಲ್ಲಿ, ಈ ದೋಷವನ್ನು ತಿದ್ದಲೆತ್ನಿಸಿದುದನ್ನೂ, ಆ ತಿದ್ದುಪಡಿ ಚೆನ್ನಾಗಿರಲಿಲ್ಲವೆಂಬುದನ್ನೂ, ಐಬಿಎಮ್ಮಿನ ಎಸ್-೩೯೦ ಎಂಬ ಯಂತ್ರಗಳಲ್ಲಿ ತೊಂದರೆಯಾದುದರಿಂದ ಅದನ್ನು ಹಿಂತೆಗೆದುದನ್ನೂ ಅವರು ಅದರಲ್ಲಿ ಒಪ್ಪಿಕೊಂಡಿರುವರು. ಆ ಯಂತ್ರಗಳ ತೊಂದರೆ ಬಹುಕಾಲದ ಹಿಂದೆಯೇ ನೀಗಿತ್ತು. ಹಿಂತೆಗೆದುದನ್ನು ಮರಳಿ ಪರಿಶೀಲಿಸುವ ಕಾರ್ಯವು ಮಾತ್ರ ಉಳಿದುಹೋಗಿತ್ತು.

ಕಥೆ ಇಲ್ಲಿಗೆ ಮುಗಿಯಲಿಲ್ಲ. ಬರೆಹದ ಗುರುತು ಬಿದ್ದ ಪುಟವು ಪ್ರತಿಯೇ ಸರಿ ಎಂಬುದು ಹೊಸ ಪರಿಹಾರದ ಆಧಾರವಾಗಿತ್ತು. ೨೦೧೭ರಲ್ಲಿ ಇದನ್ನೇ ‘ಬೃಹತ್ಪುಟ’ಗಳಿಗೂ ವಿಸ್ತರಿಸಿದರು. ಆದರೆ ಅಲ್ಲಿ ಬರಿದೆ ಓದುವುದಕ್ಕಾಗಿ ಮುಟ್ಟಿದರೂ ಆ ಗುರುತು ಬೀಳುವ ಸಂದರ್ಭವಿತ್ತು. ಸಾಕ್ಷಿಯೇ ಸುಳ್ಳಾದುದರಿಂದ ಅದೇ ಜಾತಿಯ ದೋಷವು ಅದೇ ವರ್ಷದ ನವೆಂಬರಿನಲ್ಲಿ ಮತ್ತೆ ಬೆಳಕಿಗೆ ಬಂದಿತು.

ಇದರಿಂದ ಪರಿಶೋಧಕನ ಕರ್ತವ್ಯವು ಸ್ಪಷ್ಟವಾಗುವುದು. ಬದಲಾದ ಸಾಲುಗಳನ್ನು ಓದಿ ಸರಿಯೆಂದರೆ ಸಾಲದು. ಈ ಸಾಲುಗಳು ಯಾವ ನಂಬಿಕೆಯ ಮೇಲೆ ನಿಂತಿವೆ? ಆ ನಂಬಿಕೆ ಎಲ್ಲ ಯಂತ್ರಗಳಲ್ಲಿ, ಎಲ್ಲ ಬಗೆಯ ಪುಟಗಳಲ್ಲಿ ನಿಜವೆ? ಎರಡು ಹೆಜ್ಜೆಗಳ ನಡುವೆ ಮತ್ತೊಬ್ಬನು ನುಗ್ಗಿದರೆ ಏನಾಗುವುದು? ಹಿಂದೆ ತೆಗೆದುಹಾಕಿದುದನ್ನು ಏಕೆ ತೆಗೆದರು, ಆ ಕಾರಣವು ಈಗಲೂ ಉಂಟೆ? ಇವನ್ನೆಲ್ಲ ಕೇಳಲೇಬೇಕು.

ಲಿನಕ್ಸಿನ ತಿದ್ದುಪಡಿಗಳಿಗೆ ೨೦೦೪ರಿಂದ ಕರ್ತೃವಿನ ಸಹಿ ಸೇರುತ್ತ ಬಂದಿದೆ. ೨೦೦೫ರಿಂದ ‘ಗಿಟ್’ ಎಂಬ ಸಾಧನವು ಪ್ರತಿಯೊಂದು ಬದಲಾವಣೆಯನ್ನೂ ಅದರ ಕಾರಣದೊಡನೆ ಕಾಪಾಡಿಕೊಂಡು ಬಂದಿದೆ. ಆ ದಾಖಲೆಯಿದ್ದುದರಿಂದಲೇ ೨೦೧೬ರಲ್ಲಿ ೨೦೦೫ರ ಲೋಪವನ್ನು ಹೆಸರಿಸಲು ಸಾಧ್ಯವಾಯಿತು. ಆದರೆ ದಾಖಲೆಯು ತಾನಾಗಿ ಎಚ್ಚರಿಸಲಾರದು. ಹನ್ನೊಂದು ವರ್ಷ ಅದು ಸುಮ್ಮನೆಯೇ ಇದ್ದಿತು. ಅಡಿಟಿಪ್ಪಣಿಯ ಪಾಠಾಂತರಗಳನ್ನು ಓದದೆ ಮೂಲವನ್ನು ಒಪ್ಪಿಕೊಳ್ಳುವ ವಿದ್ಯಾರ್ಥಿಗೆ ನಾವು ಹೇಳುವ ಬುದ್ಧಿಯೇ ಇಲ್ಲಿಯೂ ಸಲ್ಲುವುದು.