ಅರೆತಲೆನೋವಿಗೆ ಸಾಕ್ಷಿ ಎಲ್ಲಿಂದ ತರೋದು?

ಸಿರುಗುಪ್ಪದಿಂದ ಬಳ್ಳಾರಿಗೆ ಬರುವ ಬಸ್ಸಿನಲ್ಲಿ ಟವೆಲ್ಲಿನಿಂದ ಕಣ್ಣು ಮುಚ್ಚಿಕೊಂಡು ಕೂತವರನ್ನು ನೀವೂ ನೋಡಿರುತ್ತೀರಿ. ನಿದ್ದೆ ಅಂದುಕೊಂಡಿರುತ್ತೀರಿ. ಮೊನ್ನೆ ನಾನೂ ಹಾಗೇ ಅಂದುಕೊಂಡೆ. ಆದರೆ ಅವರು ಹದಿನೇಳು ವರ್ಷ ಪಟಾಲಮ್ಮಿನಲ್ಲಿ ದುಡಿದು ಬಂದ ಮಾಜಿ ಸೈನಿಕರು. ಈಗ ಅಕ್ಕಿ ಗಿರಣಿಯೊಂದರ ವಾಚ್‌ಮನ್.

“ತಲಿ ಅರ್ಧಕ್ಕ ಕೊಡಲಿ ಹಾಕಿದಂಗ ಆಗತೈತ್ರಿ. ಬೆಳಕು ಬ್ಯಾಡ, ಸಪ್ಪಳ ಬ್ಯಾಡ. ತೋರ್ಸು ಅಂದ್ರ ಏನು ತೋರ್ಸ್ಲಿ?”

ಮಾತು ನಿಜ. ಕಾಲು ಹೋದರೆ ಕಾಣುತ್ತೆ, ಕಿವಿ ಹೋದರೆ ಅಳೆಯೋ ಯಂತ್ರ ಉಂಟು. ಮೈಗ್ರೇನಿಗೆ ರಕ್ತಪರೀಕ್ಷೆ ಇಲ್ಲ. ಸ್ಕ್ಯಾನ್ ಮಾಡಿಸಿದರೂ ಬಹುಮಟ್ಟಿಗೆ ಎಲ್ಲಾ ಸರಿ ಅಂತಲೇ ಬರುತ್ತೆ. 4 ತಾಸಿನಿಂದ 72 ತಾಸಿನವರೆಗೆ ಕಾಡುವ ನೋವು, ವಾಂತಿ, ಬೆಳಕು ತಡೆಯದ ಕಣ್ಣು, ಇವನ್ನೆಲ್ಲ ಡಾಕ್ಟರು ರೋಗಿಯ ಬಾಯಿಂದಲೇ ಕೇಳಿ ತಿಳಿಯಬೇಕು.

ಅಂಗವೈಕಲ್ಯ ಪಿಂಚಣಿಗೆ ಪ್ರಶ್ನೆ ಎರಡು. ರೋಗ ನೌಕರಿಯಿಂದ ಬಂತೇ, ಅಥವಾ ನೌಕರಿಯಿಂದ ಹೆಚ್ಚಾಯಿತೇ? ವೈಕಲ್ಯ ಶೇಕಡಾ 20 ಆದರೂ ಇದೆಯೇ?

ಮೊದಲನೆಯದಕ್ಕೆ ಸುಪ್ರೀಂ ಕೋರ್ಟು 2013ರಲ್ಲಿ ಸೈನಿಕರ ಪರ ಮಾತಾಡಿತು. ಧರಮ್‌ವೀರ್ ಸಿಂಗ್ ಎಂಬ ಸಿಪಾಯಿ 1985ರಲ್ಲಿ ಸೇರಿ, ಮೂರ್ಛೆರೋಗದಿಂದಾಗಿ 1994ರಲ್ಲಿ ಮನೆಗೆ ಬಂದವರು. ಇದು ಅವರ ಮೈಗುಣದ ರೋಗ, ನೌಕರಿಗೆ ಸಂಬಂಧವಿಲ್ಲ ಅಂದಿತ್ತು ವೈದ್ಯಕೀಯ ಮಂಡಳಿ. ಸೇರುವಾಗ ರೋಗವಿದೆಯೆಂದು ಬರೆದಿಲ್ಲವಾದರೆ ಅದು ನೌಕರಿಯಲ್ಲಿ ಬಂದದ್ದೆಂದೇ ತಿಳಿಯಬೇಕು, ಅಲ್ಲವೆಂದು ತೋರಿಸುವ ಹೊಣೆ ಸರಕಾರದ್ದು ಎಂದಿತು ಕೋರ್ಟು. 1982ರ ನಿಯಮಗಳ ಮೇಲಿನ ತೀರ್ಪು ಇದು. 2023ರ ಸೆಪ್ಟೆಂಬರ್ 21ರಿಂದ ಈಚೆ ನಿವೃತ್ತರಾದವರು ಹೊಸ ನಿಯಮ ನೋಡಿಕೊಳ್ಳಬೇಕು.

ಎಡವುವುದು ಎರಡನೆಯದರಲ್ಲಿ. ಶೇಕಡಾ ಎಷ್ಟು ಅನ್ನುವುದಕ್ಕೆ ಮಂಡಳಿ ಬರೆದದ್ದೇ ಲೆಕ್ಕ. ಮಂಡಳಿ ನೋಡೋದು ಕಾಗದ. ನಮ್ಮ ಸಿರುಗುಪ್ಪದವರ ಹತ್ತಿರ ಕಾಗದವೇ ಇಲ್ಲ! ತಲೆನೋವು ಅಂದರೆ ಕೆಲಸಗಳ್ಳ ಅಂತಾರೆ, ಮೆಡಿಕಲ್ ಕೆಟಗರಿ ಇಳಿದರೆ ಬಡ್ತಿಗೆ ಕುತ್ತು ಅಂತ ಹೆದರಿ ಅಷ್ಟೂ ವರ್ಷ ಗುಪ್ಪಾಗಿ ಗುಳಿಗೆ ನುಂಗಿದರು. ತಪ್ಪು ಅವರದಷ್ಟೇ ಅಂತ ನಾನು ಹೇಳಲಾರೆ.

ಕುರುಗೋಡಿನ ಇನ್ನೊಬ್ಬರ ಮನೆಯಲ್ಲಿ ಬೇರೆ ಲೆಕ್ಕ. ಮಿಲಿಟರಿ ಆಸ್ಪತ್ರೆಯ ಚೀಟಿಗಳು ಟ್ರಂಕಿನಲ್ಲಿ ಭದ್ರ. ಅವರ ಹೆಂಡತಿ ಗೋಡೆಯ ಕ್ಯಾಲೆಂಡರಿನಲ್ಲಿ ನೋವು ಬಂದ ದಿನಕ್ಕೆ ಕೆಂಪು ಗುರುತು, ಎಷ್ಟು ತಾಸು, ಯಾವ ಗುಳಿಗೆ ಅಂತ ಬರೆದಿಡುತ್ತಾರೆ. ಮೇಲ್ಮನವಿ ಇನ್ನೂ ಇತ್ಯರ್ಥವಾಗಿಲ್ಲ. ಆದರೂ ಬರೀ ಬಾಯಿಮಾತಿಗಿಂತ ಇದು ಮೇಲು.

ಅಂಗಡಿಯವರೇ, ನಿಮ್ಮ ಕೈಲೂ ಒಂದಿಷ್ಟಿದೆ. ತಾರೀಖು ಹಾಕಿದ ಔಷಧದ ಬಿಲ್ಲು, ಕೆಲಸಕ್ಕೆ ಬಾರದ ದಿನದ ಹಾಜರಿ ಪುಸ್ತಕ, ಇವೂ ಸಾಕ್ಷಿಯೇ.

ಬಸ್ಸಿಳಿದು ಆ ವಾಚ್‌ಮನ್ ಬಳ್ಳಾರಿಯ ಒಂದು ಮೆಡಿಕಲ್ ಶಾಪಿಗೆ ಹೋದರು. ಬಿಲ್ಲು ಕೇಳಿದರು.

“ನಾಕು ಗುಳಿಗಿಗೆ ಬಿಲ್ಲೇನ್ರೀ ಯಜಮಾನ್ರ?”

“ಬರಿಯಪ್ಪಾ. ತಾರೀಖು ಸರಿಯಾಗಿ ಹಾಕು.”