ಹುಳಿ, ಬಿಸಿಲು, ಒಂದು ಚಿಟಿಕೆ ಕಬ್ಬಿಣ

ಬಿಳಿ ಅಂಗಿಗೆ ತುಕ್ಕಿನ ಕಲೆಯಾದರೆ ಮನೆಯಲ್ಲಿ ಏನು ಮಾಡುತ್ತಾರೆ? ನಿಂಬೆ ಉಜ್ಜಿ, ಉಪ್ಪು ಉದುರಿಸಿ, ಬಿಸಿಲಿಗೆ ಹರವುತ್ತಾರೆ. ಸಂಜೆಗೆ ಕಲೆ ಮಂಗಮಾಯ! ಕೀರ್ತಿಯೆಲ್ಲ ನಿಂಬೆಗೆ ಹೋಗುತ್ತದೆ. ಬಿಸಿಲು ಪಾಪ, ಬಟ್ಟೆ ಒಣಗಿಸಲು ಬಂದದ್ದು ಅಂದುಕೊಂಡಿರುತ್ತೇವೆ.

ಅಲ್ಲ! ನಿಂಬೆಯ ಸಿಟ್ರಿಕ್ ಆಮ್ಲ ತುಕ್ಕಿನ ಕಬ್ಬಿಣವನ್ನು ತಬ್ಬಿ ಹಿಡಿಯುತ್ತದೆ. ಆ ಜೋಡಿಗೆ ಬೆಳಕು ತಾಗಿತೋ, ಆಮ್ಲದ ಒಂದು ಎಲೆಕ್ಟ್ರಾನ್ ಚಂಗನೆ ಕಬ್ಬಿಣಕ್ಕೆ ಹಾರುತ್ತದೆ. ಕಬ್ಬಿಣ ಸುಲಭವಾಗಿ ಕರಗುವ ರೂಪಕ್ಕೆ ಬರುತ್ತದೆ. ಎಲೆಕ್ಟ್ರಾನ್ ಕಳೆದುಕೊಂಡು ಒಂಟಿಯಾದ ಚೂರೇ ರ‍್ಯಾಡಿಕಲ್. 1842ರಲ್ಲಿ ಜಾನ್ ಹರ್ಷೆಲ್ ಕಾಗದದ ಮೇಲೆ ನೀಲಿ ಚಿತ್ರ ಮೂಡಿಸಿದ್ದೂ ಕಬ್ಬಿಣ, ಸಿಟ್ರಿಕ್ ಆಮ್ಲಗಳ ಇದೇ ಆಟದಿಂದ. ಬ್ಲೂಪ್ರಿಂಟ್ ಹುಟ್ಟಿದ್ದು ಹಾಗೆ!

ಈಗ ನಿಂಬೆಯನ್ನು ಬದಿಗಿಡಿ. ಬರೀ ಹುಳಿ ನೀರು, ಅದರಲ್ಲಿ ಕರಗಿದ ಕಬ್ಬಿಣ, ಮೇಲೆ ಸೂರ್ಯ. ಈ ಸಲ ಎಲೆಕ್ಟ್ರಾನ್ ಕೊಡುವುದು ಸ್ವತಃ ನೀರು! ಹುಟ್ಟುವುದು ಹೈಡ್ರಾಕ್ಸಿಲ್ ರ‍್ಯಾಡಿಕಲ್. ಓಝೋನನ್ನೂ ಮೀರಿಸುವ ಈ ಪುಂಡ ಕಣ್ಣೆವೆ ಮುಚ್ಚುವಷ್ಟರಲ್ಲಿ ಎದುರಿಗೆ ಸಿಕ್ಕ ಬಣ್ಣ, ಕೀಟನಾಶಕ, ಔಷಧದ ಅಣುಗಳನ್ನು ಮುರಿದು ತಾನೂ ಇಲ್ಲವಾಗುತ್ತದೆ.

ಆದರೆ ಹುಳಿ ಎಷ್ಟಿರಬೇಕು? ಇಲ್ಲಿದೆ ನೋಡಿ ಸೋಜಿಗ. ವಿಪರೀತ ಹುಳಿಯಲ್ಲಿ ಕಬ್ಬಿಣದ ಸುತ್ತ ಆರು ನೀರಿನ ಅಣುಗಳು ಕಾವಲು ಕೂತಿರುತ್ತವೆ. ಬಿಸಿಲು ಬಿದ್ದರೂ ಹೆಚ್ಚೇನೂ ಹೀರುವುದಿಲ್ಲ. ಹುಳಿ ತುಸು ಇಳಿಸಿ. ಆರರಲ್ಲಿ ಒಂದು ತನ್ನ ಪ್ರೋಟಾನ್ ಉದುರಿಸುತ್ತದೆ, ಅಷ್ಟೇ, ಕಬ್ಬಿಣ ಬಿಸಿಲಿನ ನೇರಳಾತೀತ ಕಿರಣಗಳನ್ನು ಗಟಗಟ ಕುಡಿಯತೊಡಗುತ್ತದೆ! ಇನ್ನೂ ಇಳಿಸಿದಿರೋ, ಎಲ್ಲ ತುಕ್ಕಾಗಿ ತಳ ಸೇರುತ್ತದೆ. ನಡುವಿನ ಆ ಹದ ಪಿಎಚ್ 2.8ರ ಆಸುಪಾಸು, ನಿಂಬೆರಸಕ್ಕಿಂತ ಒಂದು ಗುಲಗಂಜಿ ಕಡಿಮೆ ಹುಳಿ.

ಇನ್ನು ಬಿಸಿ. ಬೆಳಕು ಬಡಿದು ಎಲೆಕ್ಟ್ರಾನ್ ಹಾರುವ ಆ ಗಳಿಗೆಗೆ ಶಾಖದ ಹಂಗು ಅಷ್ಟಿಲ್ಲ. ಅದರ ಹಿಂದುಮುಂದಿನ ಕೆಲಸಗಳಿಗೆ ಇದೆ. ನೀರು ಬೆಚ್ಚಗಾದಂತೆ ಪ್ರೋಟಾನ್ ಉದುರುವುದು ಸಲೀಸು. ಹೈಡ್ರೋಜನ್ ಪೆರಾಕ್ಸೈಡ್ ಬೆರೆಸಿದ್ದರೆ ಅದು ಕಬ್ಬಿಣವನ್ನು ಮತ್ತೆ ಹಳೆಯ ರೂಪಕ್ಕೆ ತಂದು, ಜೊತೆಗೆ ಇನ್ನೊಂದು ರ‍್ಯಾಡಿಕಲ್ ಕೊಡುವ ವೇಗವೂ ಏರುತ್ತದೆ. ಸ್ಪೇನಿನ ತಬೆರ್ನಾಸ್ ಮರುಭೂಮಿಯಲ್ಲಿರುವ ಅಲ್ಮೇರಿಯಾ ಸೌರ ಕೇಂದ್ರದಲ್ಲಿ ಕನ್ನಡಿಗಳ ನಡುವಿನ ಗಾಜಿನ ಕೊಳವೆಗಳಲ್ಲಿ ಕೊಳೆ ನೀರು ಹರಿಸಿ ಇದನ್ನೇ ಪಳಗಿಸುತ್ತಿದ್ದಾರೆ. ತೀರಾ ಕಾಯಿಸಿದರೆ ಮಾತ್ರ ಪೆರಾಕ್ಸೈಡ್ ಸುಮ್ಮನೆ ಆಮ್ಲಜನಕವಾಗಿ ಹಾರಿಹೋಗುತ್ತದೆ, ಕಬ್ಬಿಣವೂ ತಳ ಕಾಣುತ್ತದೆ.

ಕಬ್ಬಿಣ, ಪೆರಾಕ್ಸೈಡುಗಳ ಈ ಜೋಡಿಯ ಬಗ್ಗೆ ಇಂಗ್ಲೆಂಡಿನ ಹೆನ್ರಿ ಫೆಂಟನ್ 1894ರಲ್ಲೇ ಬರೆದಿದ್ದ. ಅದರೊಳಗಿನ ಪುಂಡ ಯಾರೆಂದು ರಸಾಯನ ವಿಜ್ಞಾನಿಗಳಾದ ಹೇಬರ್ ಮತ್ತು ವೈಸ್ ಸೂಚಿಸಿದ್ದು 1934ರಲ್ಲಿ. ಅಷ್ಟರಲ್ಲಿ ಫೆಂಟನ್ ತೀರಿಕೊಂಡು ಐದು ವರ್ಷವಾಗಿತ್ತು.

ಮುಂದಿನ ಸಲ ತುಕ್ಕಿನ ಕಲೆಗೆ ನಿಂಬೆ ಉಜ್ಜಿದಾಗ ಅರ್ಧ ಕಲೆಯ ಮೇಲೆ ದಪ್ಪ ರಟ್ಟು ಮುಚ್ಚಿ ಬಿಸಿಲಿಗಿಡಿ. ಸಂಜೆ ರಟ್ಟು ಎತ್ತಿ ನೋಡಿ. ಬಣ್ಣದ ಅಂಗಿ ಮಾತ್ರ ಬೇಡ.