ಬೀದರಿನಲ್ಲಿ ಹಬ್ಬದ ದಿನ ಮರೆತವನು

ಡಿಸೆಂಬರಿನಲ್ಲಿ ಔರಾದ್‌ನಿಂದ ಬೀದರಿಗೆ ಬಸ್ಸಿನಲ್ಲಿ ಬಂದರೆ ಎರಡೂ ಮಗ್ಗುಲಿಗೆ ಎರೆನೆಲ, ಅದರ ತುಂಬ ಕಡಲೆ ಮತ್ತು ಬಿಳಿಜೋಳ. ಮಾಂಜ್ರಾ ದಾಟಿ ಬೀದರಿನ ದಿಬ್ಬ ಏರುತ್ತಿದ್ದಂತೆ ಮಣ್ಣು ಕೆಂಪಾಗುತ್ತದೆ. ಈ ಹಾದಿಯಲ್ಲಿ ಹೋಗುವಾಗಲೆಲ್ಲ ನನಗೆ ನೆನಪಾಗುವವನು ಒಬ್ಬ ರಷ್ಯನ್ ವ್ಯಾಪಾರಿ. ಈ ಸೀಮೆಯಲ್ಲಿ ಕುದುರೆಗಳಿಗೆ ಕಡಲೆ ಹಾಕುತ್ತಾರೆ, ಸಕ್ಕರೆ ಬೆಣ್ಣೆ ಬೆರೆಸಿ ಕಿಚಡಿ ಬೇಯಿಸಿ ತಿನ್ನಿಸುತ್ತಾರೆ ಎಂದು ಸುಮಾರು 550 ವರ್ಷಗಳ ಹಿಂದೆಯೇ ಬರೆದಿಟ್ಟವನು. ಕುದುರೆಯ ಮೇವಿನ ಬಗ್ಗೆ ಅವನಿಗೆ ಅಷ್ಟು ಕಾಳಜಿ ಇದ್ದದ್ದು ಸುಮ್ಮನೆ ಅಲ್ಲ. ಅವನ ಬಳಿ ಉಳಿದಿದ್ದ ಆಸ್ತಿಯೆಂದರೆ ಒಂದು ಕುದುರೆ. ಆ ಕುದುರೆಗಾಗಿ ಅವನು ತನ್ನ ಧರ್ಮವನ್ನೇ ಕಳೆದುಕೊಳ್ಳುವುದರಲ್ಲಿದ್ದ.

ಅಫಾನಾಸಿ ನಿಕಿತಿನ್ ಎಂದು ಹೆಸರು, ವೋಲ್ಗಾ ದಂಡೆಯ ತ್ವೆರ್ ಊರು. ಸರಕು ಹೇರಿಕೊಂಡು ನದಿಗುಂಟ ತೆಂಕಣಕ್ಕೆ ಹೊರಟವನನ್ನು ಅಸ್ತ್ರಾಖಾನಿನ ಬಳಿ ತಾತಾರರು ದೋಚಿದರು. ಸರಕಿನ ಜೊತೆಗೆ ಅವನ ಧರ್ಮಗ್ರಂಥಗಳೂ ಹೋದವು. ಆ ಪುಸ್ತಕಗಳ ವಿಷಯಕ್ಕೆ ಮುಂದೆ ಬರುತ್ತೇನೆ. ಬರಿಗೈಯಲ್ಲಿ ಊರಿಗೆ ತಿರುಗಲಾರದೆ ಅವನು ಬಾಕು, ಪರ್ಷಿಯಾ ಹಾದು ಹೋರ್ಮುಜ್ ತಲುಪಿದ. ಅಲ್ಲಿಂದ ಹಡಗು ಹತ್ತಿ 1470ರ ಆಸುಪಾಸಿನಲ್ಲಿ ಕೊಂಕಣದ ಚೌಲ್‌ನಲ್ಲಿ ಇಳಿದ. ದಖ್ಖನಿನಲ್ಲಿ ಒಳ್ಳೆಯ ಕುದುರೆ ಹುಟ್ಟುವುದಿಲ್ಲ, ಅರಬ್ಬಿ ಕುದುರೆಗೆ ಕೇಳಿದ ಬೆಲೆ ಸಿಗುತ್ತದೆ ಎಂಬುದು ಅಂದಿನ ವ್ಯಾಪಾರಿಗಳಿಗೆಲ್ಲ ಗೊತ್ತಿತ್ತು. ಇವನೂ ನೂರು ರೂಬಲ್ ಖರ್ಚಿಗೆ ಬಿದ್ದು ಒಂದು ಗಂಡು ಕುದುರೆಯನ್ನು ತಂದಿದ್ದ.

ಆ ಹೊತ್ತಿಗೆ ಅವನು ಬಿಟ್ಟುಬಂದ ಜಗತ್ತಿನಲ್ಲಿ ಶಿಲುಬೆ ಮತ್ತು ಅರ್ಧಚಂದ್ರದ ಕಾದಾಟ ಜೋರಾಗಿತ್ತು. 1453ರಲ್ಲಿ ಕಾನ್‌ಸ್ಟಾಂಟಿನೋಪಲ್, 1461ರಲ್ಲಿ ಟ್ರೆಬಿಜಾಂಡ್ ಆಟೋಮನ್ ತುರ್ಕರ ಪಾಲಾಗಿದ್ದವು. ರಷ್ಯನ್ನರ ಪಾಲಿಗೆ ಕಾನ್‌ಸ್ಟಾಂಟಿನೋಪಲ್ ತವರುಮನೆಯಂಥ ಧರ್ಮಪೀಠ. ಆ ನೋವನ್ನು ಎದೆಯಲ್ಲಿಟ್ಟುಕೊಂಡ ಪೀಳಿಗೆಯ ಒಬ್ಬ ಮನುಷ್ಯ ಒಬ್ಬಂಟಿಯಾಗಿ ಮುಸಲ್ಮಾನ ಸುಲ್ತಾನರ ಬಹಮನಿ ರಾಜ್ಯದೊಳಕ್ಕೆ ಬಂದಿದ್ದ.

ಜುನ್ನರಿನಲ್ಲಿ ಮಳೆಗಾಲ ಕಳೆಯುತ್ತಿದ್ದಾಗ ಅಲ್ಲಿನ ಅಧಿಕಾರಿ ಅಸದ್ ಖಾನ್ ಕುದುರೆಯನ್ನು ಕಿತ್ತುಕೊಂಡ. ಇವನು ಮುಸಲ್ಮಾನನಲ್ಲ, ರಷ್ಯದವನು ಎಂದು ತಿಳಿದ ಮೇಲೆ ಒಂದು ಷರತ್ತು ಹಾಕಿದ. ಇಸ್ಲಾಮಿಗೆ ಬಂದರೆ ಕುದುರೆಯ ಜೊತೆ ಸಾವಿರ ಹೊನ್ನು. ಬರದಿದ್ದರೆ ಕುದುರೆಯೂ ಇಲ್ಲ, ಮೇಲೆ ಸಾವಿರ ಹೊನ್ನಿನ ದಂಡ. ನಾಲ್ಕು ದಿನ ಗಡುವು. ಗಡುವು ಮುಗಿಯುವ ಮುನ್ನ ಖುರಾಸಾನಿನ ಮುಹಮ್ಮದ್ ಎಂಬ ಖ್ವಾಜಾ ಅಲ್ಲಿಗೆ ಬಂದ. ನಿಕಿತಿನ್ ಅವನ ಕಾಲಿಗೆ ಬಿದ್ದು ಬೇಡಿಕೊಂಡ. ಖ್ವಾಜಾ ಖಾನನ ಬಳಿಗೆ ಹೋಗಿ ಮಾತಾಡಿ, ಮತಾಂತರದ ಮಾತನ್ನು ಬಿಡಿಸಿ, ಕುದುರೆಯನ್ನೂ ಮರಳಿ ಕೊಡಿಸಿದ.

ನಾನು ಈ ಪ್ರಸಂಗವನ್ನು ಮತ್ತೆ ಮತ್ತೆ ಓದಿದ್ದೇನೆ. ಕುದುರೆ ಹೋದದ್ದು ಮೊದಲು, ಧರ್ಮದ ಮಾತು ಬಂದದ್ದು ಆಮೇಲೆ. ಹೊರಗಿನವನು, ಕೇಳುವವರಿಲ್ಲದವನು ಎಂಬ ಕಾರಣಕ್ಕೇ ಅವನ ನಂಬಿಕೆಯ ಮೇಲೆ ಕೈಹಾಕುವ ಧೈರ್ಯ ಬಂತು. ಹಿಂಸೆ ಕೊಟ್ಟವನೂ ಬಿಡಿಸಿದವನೂ ಒಂದೇ ಧರ್ಮದವರು. ಆದರೂ ಆ ನಾಲ್ಕು ದಿನದ ಹೆದರಿಕೆ ಅವನನ್ನು ಬಿಡಲಿಲ್ಲ. ಹಿಂದುಸ್ತಾನಕ್ಕೆ ಹೋಗಬೇಕೆನ್ನುವ ರಷ್ಯದ ಬಂಧುಗಳು ತಮ್ಮ ಧರ್ಮವನ್ನು ಊರಲ್ಲೇ ಇಟ್ಟು ಹೊರಡಲಿ ಎಂಬರ್ಥದ ಮಾತನ್ನು ಅವನು ಅಲ್ಲೇ ಬರೆದ.

ಅಲ್ಲಿಂದ ಅವನು ಬೀದರಿಗೆ ಬಂದ. ಹಾದಿಯಲ್ಲಿ ದಿನಕ್ಕೆ ಮೂರು ನಾಲ್ಕು ಊರು ಸಿಗುತ್ತಿದ್ದವಂತೆ. ಭಾಲ್ಕಿ ಕಡೆಯ ನಮ್ಮ ಹಳ್ಳಿಗಳು ಒಂದಕ್ಕೊಂದು ಅಂಟಿಕೊಂಡಂತೆ ಇರುವುದನ್ನು ಕಂಡವರಿಗೆ ಇದು ಸೋಜಿಗವಲ್ಲ. ಅರಮನೆಗೆ ಏಳು ಬಾಗಿಲು, ಬಾಗಿಲಿಗೆ ನೂರು ಕಾವಲಿನವರು, ಹೋಗಿ ಬರುವವರ ಹೆಸರು ಬರೆದುಕೊಳ್ಳಲು ನೂರು ಜನ ಹಿಂದೂ ಲೆಕ್ಕಿಗರು ಎಂದೆಲ್ಲ ಅವನು ಬೆರಗಿನಿಂದ ಬರೆಯುತ್ತಾನೆ. ಬೆರಗಿನ ನಡುವೆಯೂ ಅವನ ಕಣ್ಣು ಮಂಜಾಗಲಿಲ್ಲ. ಸರದಾರರು ಬೆಳ್ಳಿಯ ಪಲ್ಲಕ್ಕಿಯಲ್ಲಿ ಮೆರೆಯುತ್ತಾರೆ, ಹಳ್ಳಿಯ ಜನ ಮಾತ್ರ ಬಲು ಬಡವರು ಎಂಬುದನ್ನೂ ಗುರುತು ಹಾಕಿಕೊಂಡ. ಆಳಂದದಲ್ಲಿ ಶೇಖ್ ಅಲಾವುದ್ದೀನರ ಹೆಸರಿನ ಜಾತ್ರೆಗೆ 20,000 ಕುದುರೆ ಮಾರಾಟಕ್ಕೆ ಬರುತ್ತವೆ ಎಂದೂ ಬರೆದ. ನಮ್ಮವರು ಲಾಡ್ಲೆ ಮಶಾಯಿಕ್ ಎಂದು ಇಂದಿಗೂ ನಡೆದುಕೊಳ್ಳುವ ದರ್ಗಾ ಅದೇ.

ಆಗ ರಾಜ್ಯದ ಸೂತ್ರ ಇದ್ದದ್ದು ಮಹಮೂದ್ ಗಾವಾನನ ಕೈಯಲ್ಲಿ. ಅವನೂ ಇರಾನಿನ ಗೀಲಾನಿನಿಂದ ವ್ಯಾಪಾರಿಯಾಗಿ ಬಂದವನೇ. ಜುನ್ನರಿನ ಅಸದ್ ಖಾನ್ ಅವನ ಕೈಕೆಳಗಿನವನು. 1472ರಲ್ಲಿ ಗಾವಾನ್ ಬೀದರಿನಲ್ಲಿ ಮೂರಂತಸ್ತಿನ ಮದರಸಾ ಕಟ್ಟಿಸಿದ. ಅದೇ ವರ್ಷ ಗೋವೆಯನ್ನು ವಿಜಯನಗರದವರಿಂದ ಗೆದ್ದ. ಆದರೆ ಆಸ್ಥಾನದಲ್ಲಿ ಇನ್ನೊಂದು ಯುದ್ಧ ಹೊಗೆಯಾಡುತ್ತಿತ್ತು. ಹಿಂದಿನಿಂದ ಇಲ್ಲಿದ್ದವರು ದಖ್ಖನಿಗಳು, ಇರಾನ್-ತುರಾನಿನಿಂದ ಬಂದವರು ಆಫಾಕಿಗಳು. ದಖ್ಖನಿಗಳು ಹೆಚ್ಚಾಗಿ ಸುನ್ನಿ, ಆಫಾಕಿಗಳಲ್ಲಿ ಶಿಯಾಗಳು ಬಹಳ. 15ನೇ ಶತಮಾನದ ನಡುಭಾಗದಲ್ಲಿ ಚಾಕಣದಲ್ಲಿ ದಖ್ಖನಿಗಳು ಊಟಕ್ಕೆ ಕರೆದು ಆಫಾಕಿಗಳನ್ನು ಕಡಿದುಹಾಕಿದರು. ಸತ್ತವರಲ್ಲಿ ಸೈಯದರೇ 1,200 ಎಂದು ಇತಿಹಾಸಕಾರ ಫರಿಷ್ತಾ ಬರೆಯುತ್ತಾನೆ.

ಆ ಹಗೆ ಗಾವಾನನನ್ನೂ ನುಂಗಿತು. ಸುಬೇದಾರರ ಅಧಿಕಾರ ಮೊಟಕುಗೊಳಿಸಲು ಅವನು ನಾಲ್ಕು ಪ್ರಾಂತ್ಯಗಳನ್ನು ಎಂಟು ಮಾಡಿದ್ದ. ಸಿಟ್ಟಿಗೆದ್ದ ದಖ್ಖನಿ ಸರದಾರರು ಅವನ ಮುದ್ರೆ ಕಾಯುವವನಿಗೆ ಕುಡಿಸಿ ಖಾಲಿ ಕಾಗದಕ್ಕೆ ಮುದ್ರೆ ಹಾಕಿಸಿಕೊಂಡರು. ಒರಿಸ್ಸಾದ ರಾಜನಿಗೆ ದಂಡೆತ್ತಿ ಬರಲು ಕರೆ ಕಳುಹಿಸಿದಂತೆ ಅದರ ಮೇಲೆ ಪತ್ರ ಬರೆದು ಸುಲ್ತಾನ ಮೂರನೆಯ ಮುಹಮ್ಮದನ ಕೈಗಿತ್ತರು. 1481ರ ಏಪ್ರಿಲ್ 5ರಂದು ಕೊಂಡಪಲ್ಲಿಯಲ್ಲಿ ಎಪ್ಪತ್ತು ದಾಟಿದ ಮುದುಕನ ತಲೆ ಹೋಯಿತು. ಹುಡುಕಿದರೆ ಅವನ ಖಜಾನೆಯಲ್ಲಿ ಹೇಳಿಕೊಳ್ಳುವಂಥದ್ದು ಏನೂ ಇರಲಿಲ್ಲ. ಸುಲ್ತಾನ ಮರುವರ್ಷವೇ ತೀರಿಕೊಂಡ, ರಾಜ್ಯ ಐದು ಹೋಳಾಗುವ ದಾರಿ ಹಿಡಿಯಿತು. ಸುಲ್ತಾನರ ಗುಮ್ಮಟಗಳು ಅಷ್ಟೂರಿನಲ್ಲಿ ಸಾಲಾಗಿ ನಿಂತಿವೆ. ಗಾವಾನನ ಗೋರಿ ಇರುವುದು ಗೋರನಳ್ಳಿಯಲ್ಲಿ, ಅದಕ್ಕೆ ಗುಮ್ಮಟವಿಲ್ಲ. ಬೀದರಿಗೆ ಬಂದವರು ಮದರಸಾ ನೋಡಿ ಹೊರಟುಬಿಡುತ್ತಾರೆ, ಗೋರನಳ್ಳಿಗೂ ಹೋಗಬೇಕು ಎಂಬುದು ನನ್ನ ಆಸೆ.

ಇತ್ತ ನಿಕಿತಿನ್ ಬೀದರಿನಲ್ಲಿ ಖ್ವಾಜಾ ಯೂಸುಫ್ ಖುರಾಸಾನಿ ಎಂಬ ಹೆಸರಿನಲ್ಲಿ ಬದುಕುತ್ತಿದ್ದ. ಆ ಹೆಸರು ಕೇಳಿ ಇಲ್ಲಿನ ಹಿಂದೂಗಳು ಅವನೆದುರು ಊಟಕ್ಕೂ ಕೂರುತ್ತಿರಲಿಲ್ಲ. ನಾನು ಮುಸಲ್ಮಾನನಲ್ಲ, ಯೇಸುವಿನ ಒಕ್ಕಲು, ಹೆಸರು ಅಫಾನಾಸಿ ಎಂದು ಅವನು ಬಾಯಿಬಿಟ್ಟ ಮೇಲೆ ಬಾಗಿಲು ತೆರೆಯಿತು. ಊಟ, ವ್ಯಾಪಾರ, ಪೂಜೆ ಯಾವುದನ್ನೂ ಅವರು ಮುಚ್ಚಿಡಲಿಲ್ಲ. ಶಿವರಾತ್ರಿಗೆ ಅವರ ಜೊತೆ ಶ್ರೀಶೈಲಕ್ಕೂ ಹೋಗಿಬಂದ. ಅಲ್ಲಿನ ಕರಿಕಲ್ಲಿನ ಬಸವಣ್ಣನನ್ನು ಕಣ್ತುಂಬ ನೋಡಿ ಬರೆದಿದ್ದಾನೆ.

ಈಗ ಆ ಪುಸ್ತಕಗಳ ವಿಷಯ. ಗ್ರಂಥವಿಲ್ಲದೆ ಅವನಿಗೆ ಹಬ್ಬಗಳ ಲೆಕ್ಕ ತಪ್ಪಿತು. ಈಸ್ಟರ್ ಯಾವಾಗ, ಬುಧವಾರ ಶುಕ್ರವಾರದ ಉಪವಾಸ ಯಾವಾಗ, ಏನೂ ತಿಳಿಯದು. ಮುಸಲ್ಮಾನರ ಹಬ್ಬ ನೋಡಿ, ಚಿಕ್ಕೆ ನೋಡಿ ಅಂದಾಜು ಮಾಡಿದ. ರಂಜಾನ್ ತಿಂಗಳು ಎಲ್ಲರ ಜೊತೆ ತಾನೂ ಉಪವಾಸ ಹಿಡಿದ. ಕುದುರೆಯನ್ನು ಬೀದರಿನಲ್ಲಿ ಮಾರಿದ ದಿನವನ್ನು ಕ್ರಿಸ್‌ಮಸ್ ಎಂದು ಬರೆದದ್ದೂ ಅಂದಾಜಿನ ಲೆಕ್ಕದಿಂದಲೇ ಇರಬೇಕು. ಕತ್ತಿಗಿಂತ ಈ ಮರೆವು ಅವನನ್ನು ಹೆಚ್ಚು ಅಳಿಸಿತು. ಅವನ ಬರಹದಲ್ಲಿ ಕಣ್ಣೀರು ಕಾಣುವುದು ಇಲ್ಲಿಯೇ. ಇಂದು ಭಾಲ್ಕಿ, ಔರಾದ್ ತಾಲ್ಲೂಕಿನ ಎಷ್ಟೋ ಹಳ್ಳಿಗಳಲ್ಲಿ ಮೆಥೊಡಿಸ್ಟ್ ಕುಟುಂಬಗಳಿವೆ, ಡಿಸೆಂಬರಿನಲ್ಲಿ ಮಾಳಿಗೆಗಳ ಮೇಲೆ ನಕ್ಷತ್ರದ ದೀಪ ತೂಗುತ್ತವೆ. ಆ ದೀಪ ಕಂಡಾಗ ಹಬ್ಬದ ದಿನ ಗೊತ್ತಿಲ್ಲದೆ ಕೂತ ಆ ಒಬ್ಬಂಟಿ ನೆನಪಾಗಿ ಹೊಟ್ಟೆಯಲ್ಲಿ ಸಂಕಟವಾಗುತ್ತದೆ.

ನಿಕಿತಿನ್ ಈ ನಾಡು ಬಿಟ್ಟು ನಾಲ್ಕು ದಶಕವೂ ಕಳೆದಿರಲಿಲ್ಲ, ಗಾವಾನ್ ಗೆದ್ದಿದ್ದ ಗೋವೆಗೆ ಪೋರ್ಚುಗೀಸರು ಬಂದರು. ಬಿಜಾಪುರದ ಆದಿಲ್‌ಶಾಹಿಗಳ ವಶದಲ್ಲಿದ್ದ ಊರನ್ನು 1510ರ ನವೆಂಬರ್ 25ರಂದು ಅವರ ನಾಯಕ ಅಲ್ಬುಕರ್ಕ್ ಎರಡನೆಯ ಸಲ ಹಿಡಿದ. ಹೊನ್ನಾವರದ ತಿಮ್ಮಯ್ಯ ಅವನಿಗೆ ನೆರವಾಗಿದ್ದ. ಊರೊಳಗಿನ ಮುಸಲ್ಮಾನರನ್ನು ಹೆಂಗಸರು ಮಕ್ಕಳೆನ್ನದೆ ಕೊಲ್ಲಿಸಿ, ಸತ್ತವರು 6,000 ಎಂದು ಅಲ್ಬುಕರ್ಕ್ ತಾನೇ ದೊರೆಗೆ ಪತ್ರ ಬರೆದ. ಹೋರ್ಮುಜ್‌ನಿಂದ ಬರುವ ಕುದುರೆಗಳೆಲ್ಲ ಗೋವೆಯಲ್ಲೇ ಇಳಿಯಬೇಕು, ಸುಂಕ ತನಗೇ ಸಲ್ಲಬೇಕು ಎಂಬುದು ಅವನ ಹಟವಾಗಿತ್ತು.

ಇದಕ್ಕೆಲ್ಲ ಬಹಳ ಮುಂಚೆಯೇ ನಿಕಿತಿನ್ ದಾಭೋಳದಿಂದ ಹಡಗು ಹತ್ತಿ ಊರಿನ ಕಡೆ ಹೊರಟಿದ್ದ. ಟ್ರೆಬಿಜಾಂಡಿನಲ್ಲಿ ತುರ್ಕಿ ಅಧಿಕಾರಿಗಳು ಗೂಢಚಾರನೆಂದು ಅನುಮಾನಿಸಿ ಅವನ ಗಂಟುಮೂಟೆ ಜಾಲಾಡಿದರು. ತ್ವೆರ್ ತಲುಪಲಿಲ್ಲ, ಸ್ಮೊಲೆನ್‌ಸ್ಕ್‌ಗೆ ಮುನ್ನವೇ ತೀರಿಕೊಂಡ. ಅವನ ಕೈಬರಹದ ಹಾಳೆಗಳನ್ನು ವ್ಯಾಪಾರಿಗಳು ಮಾಸ್ಕೋಗೆ ಒಯ್ದು ಕೊಟ್ಟರು. ನಿಜವಾದ ಧರ್ಮ ಯಾವುದೆಂದು ದೇವರೇ ಬಲ್ಲ ಎಂದು ಬರೆದಿದ್ದ ಆ ಮನುಷ್ಯ ಕೊನೆಯವರೆಗೂ ಕ್ರೈಸ್ತನಾಗಿಯೇ ಉಳಿದ. ಆದರೆ ಆ ಹಾಳೆಗಳ ಕಡೆಯ ಪ್ರಾರ್ಥನೆ ಇರುವುದು ರಷ್ಯನ್ ಅಕ್ಷರಗಳಲ್ಲಿ ಬರೆದ ಅರಬ್ಬಿ ನುಡಿಯಲ್ಲಿ.